ಮೂವತ್ತಾರನೇ ವಾರದ ಚೀಲ

ಮೂವತ್ತಾರನೇ ವಾರಕ್ಕೆ ಊರು ಬಿಡಬೇಕು. ಅದು ಕಾನೂನಲ್ಲ,
ಆದರೂ ನರ್ಸು ಹೇಳುವಾಗ ಕಾನೂನಿನ ಹಾಗೇ ಕೇಳಿಸುತ್ತೆ.
ಪಾಂಗ್‌ನಿರ್ಟುಂಗಿನಲ್ಲಿ ಈಗ ಹುಟ್ಟುವುದು ನಾಯಿಮರಿಗಳು ಮಾತ್ರ.
ನಾವು ಹೆರುವುದಕ್ಕೆ ವಿಮಾನ ಹತ್ತುತ್ತೇವೆ,
ನಾಳೆ ಹತ್ತೂವರೆಗೆ,
ಗಾಳಿ ಒಪ್ಪಿದರೆ.

ಚೀಲ ಅಪ್ಪನದು. ನೀಲಿ, ತಳಕ್ಕೆ ಟೇಪು ಸುತ್ತಿದ್ದು.
ನವೆಂಬರಿನಲ್ಲಿ ಅವನ ಜೊತೆ ಇಕಾಲುಯಿತ್‌ಗೆ ಹೋಗಿ
ಅವನ ಪೆಟ್ಟಿಗೆಯ ಪಕ್ಕದಲ್ಲಿ ವಾಪಸು ಬಂದದ್ದು.
ಹಿಡಿಕೆಗೆ ಆಸ್ಪತ್ರೆಯ ಚೀಟಿ ಇನ್ನೂ ಅಂಟಿಕೊಂಡಿದೆ:
ಜೇಪೆಟಿ, ಗಂಡು, ಎಪ್ಪತ್ತೊಂದು.
ಕತ್ತರಿ ತಂದೆ. ಅನಾನಾ ಕೈ ಅಡ್ಡ ಹಿಡಿದಳು,
ಇರಲಿ ಬಿಡೇ, ಹೆಸರು ಅದೇ ತಾನೇ.

ನಮ್ಮಲ್ಲಿ ಹಾಗೆ. ಸತ್ತವರ ಹೆಸರು
ಒಂದು ಮೈ ಸಿಗುವ ತನಕ ಹೊರಗೆ ನಿಂತಿರುತ್ತದೆ.
ಗಂಡಾಗಲಿ ಹೆಣ್ಣಾಗಲಿ, ನನ್ನ ಹೊಟ್ಟೆಯಲ್ಲಿರುವುದು ಜೇಪೆಟಿ.
ಹೆತ್ತು ಎತ್ತಿಕೊಂಡು ಅಪ್ಪಾ ಅಂತ ಕರೆಯುತ್ತೇನೆ ನಾನು.
ಅದರ ಜೊಲ್ಲು ಒರೆಸುತ್ತ ಅನಾನಾ
ನನ್ನ ಗಂಡ ಅನ್ನುತ್ತಾಳೆ.

ಹಾಗಾಗಿ ಇದು ಗುರುತಿಲ್ಲದವರಿಗೆ ಕಟ್ಟುವ ಗಂಟಲ್ಲ.
ಕುತ್ತಿಗೆಗೆ ಉಣ್ಣೆ ತಾಗಿದರೆ ಅವನಿಗೆ ತುರಿಕೆ, ಅಂತ
ನಾನು ದುಡ್ಡು ಸುರಿದು ತಂದ ಸ್ವೆಟರನ್ನು ಆಚೆಗಿಟ್ಟಳು.
ಬಲಗಿವಿ ಚಳಿಗೆ ಸಿಡಿಯುತ್ತೆ, ಅಂತ
ಟೋಪಿಯ ಒಳಗೆ, ಬಲಗಡೆ ಮಾತ್ರ,
ಮೊಲದ ತುಪ್ಪಳ ಹೊಲಿದಳು, ನಾಣ್ಯದಗಲ.
ಅನಾನಾ, ಅವನು ಒಂದೂವರೆ ಅಡಿ ಇರ್ತಾನೆ,
ಕಿವಿ ಹೊಚ್ಚ ಹೊಸದಿರುತ್ತೆ, ಅಂದೆ.
ಸೂಜಿ ಹಲ್ಲಲ್ಲಿ ಕಚ್ಚಿಕೊಂಡೇ ನಕ್ಕಳು.
ಕಿವಿ ಹೊಸದು, ಚಳಿ ಹಳೇದು.

ಪೌಲೂಸಿ ನೀರಿನ ಲಾರಿ ನಿಲ್ಲಿಸಿ ಒಳಗೆ ಬಂದ,
ಬೂಟಿನ ಹಿಮ ಕೊಡವಿ
ಹೆಪ್ಪುಗಟ್ಟಿದ ಎರಡು ಮೀನು ಇಟ್ಟು ಹೋದ.
ಬೋರ್ಡಿಂಗ್ ಮನೆಯ ಸೂಪಿಗೆ ಸಮುದ್ರದ ಪರಿಚಯವಿಲ್ಲ.
ನಾಲ್ಕು ವಾರ. ಐದೂ ಆದೀತು.
ಮೀನು ಚೀಲದ ತಳಕ್ಕೆ, ಅದರ ಮೇಲೆ ಟವೆಲು,
ಅದರ ಮೇಲೆ ಮಗುವಿನದೆಲ್ಲ.
ನನ್ನದಕ್ಕೆ ಜಾಗವೇ ಇಲ್ಲ. ಅಮೌತಿಯನ್ನು ತೊಟ್ಟುಕೊಂಡೇ ಹೋಗುತ್ತೇನೆ,
ಬೆನ್ನ ಗೂಡು ಖಾಲಿ, ಮುಂದಿನದು ಭರ್ತಿ.

ಅನಾನಾ ಹುಟ್ಟಿದ್ದು ದಾರಿಯಲ್ಲಿ,
ನಾಯಿಗಳನ್ನು ನಿಲ್ಲಿಸಿ ಅವಸರದಲ್ಲಿ ಕಟ್ಟಿದ ಹಿಮದ ಮನೆಯಲ್ಲಿ.
ಚೀಲಗೀಲ ಇರಲಿಲ್ಲ.
ಇಬ್ಬರು ಹೆಂಗಸರು, ನಾಲ್ಕು ಕೈ,
ಕೊಬ್ಬೆಣ್ಣೆಯ ದೀಪ.
ಅದನ್ನವಳು ಹೊಗಳಿಕೆಗೆ ಹೇಳುವುದಿಲ್ಲ.
ಅವಳ ಹಿಂದೆ ಹುಟ್ಟಿದ್ದು ಉಳಿಯಲಿಲ್ಲ, ಅದನ್ನೂ ಹೇಳುತ್ತಾಳೆ.

ರಾತ್ರಿ ಪಕ್ಕದ ಜೇಬಿಗೆ ಕೈ ಹಾಕಿದರೆ
ಒಂದು ಕೈಗವಸು.
ಒಂದೇ.
ಎಡಗೈಯದು ಆ ದೊಡ್ಡ ಊರಿನಲ್ಲೆಲ್ಲೋ ಬಿದ್ದಿದೆ.
ನವೆಂಬರಿನಿಂದ ಮೆತ್ತಗೆ ಮಾತಾಡುತ್ತಿದ್ದ ಅನಾನಾ
ಅವತ್ತು ಮೊದಲ ಸಲ ಗದರಿದಳು:
ಎಷ್ಟು ಸಲ ಹೇಳಿದ್ದೆ, ಎಷ್ಟು ಸಲ,
ಸೀಲಿನ ಚರ್ಮ ಏನು ಬಿಟ್ಟಿ ಸಿಗುತ್ತಾ,
ಹಲ್ಲು ಸವೆಸಿ ಹದ ಮಾಡಿದ್ದು ಯಾರು!
ಬೈಗಳು ಗೋಡೆಗೆ ಬಿತ್ತು, ನನ್ನ ಹೊಟ್ಟೆಗೂ ಬಿತ್ತು.
ಒಳಗೆ ಯಾರೋ
ತಪ್ಪಿತಸ್ಥರ ಹಾಗೆ ಮಗ್ಗುಲು ಬದಲಿಸಿದರು.

ಆಮೇಲೆ ದೀಪ ಆರಿಸಲೇ ಇಲ್ಲ ಅವಳು.
ಬೆಳಿಗ್ಗೆ ಚೀಲದ ಮೇಲಿತ್ತು
ಹೆಬ್ಬೆರಳಿನಷ್ಟೇ ಇರುವ ಗವಸು, ಜೋಡಿ,
ಎರಡನ್ನೂ ಒಂದೇ ದಾರ ಹಿಡಿದಿತ್ತು.
ದಾರ ಎಷ್ಟು ಉದ್ದ ಅಂತೀರಿ,
ಎಳೆಮಗುವಿನ ಎರಡು ತೋಳಿಗಾಗಿಯೂ ಮಿಕ್ಕು
ಬಾಗಿಲ ತನಕ ಬರುತ್ತಿತ್ತು.

ಜಿಪ್ ಬರಲಿಲ್ಲ. ಅನಾನಾ ಚೀಲದ ಮೇಲೆ ಮೊಣಕಾಲೂರಿ ಕೂತಳು,
ನಾನು ಎಳೆದೆ.
ರೇಡಿಯೋ ಅಷ್ಟರಲ್ಲಿ ಅಂದಿತು:
ಫ್ಯೋರ್ಡಿನಲ್ಲಿ ಗಾಳಿ, ಇವತ್ತು ವಿಮಾನವಿಲ್ಲ, ನಾಳೆ ನೋಡೋಣ.

ಅವಳು ಎದ್ದು, ಕಟ್ಟಿದ್ದನ್ನೆಲ್ಲ ಬಿಚ್ಚಿ,
ತಳದಿಂದ ಮೀನು ತೆಗೆದು ಫ್ರೀಜರಿಗೆ ಸೇರಿಸಿದಳು.
ಅವನಿಗೆ ವಿಮಾನ ಕಂಡರೆ ಯಾವತ್ತೂ ಆಗುತ್ತಿರಲಿಲ್ಲ,
ಅಂತ ಟೀಗಿಟ್ಟಳು.