ರಸ್ತೆಯಲ್ಲದ ಜಾಗ

ಗುರುವಾರ ಹತ್ತೂವರೆಗೆ ಬರುತ್ತಾಳೆ ಗೆನೊವೈತೆ,
ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಜಾಡಿ.
ಒಮ್ಮೆ ಹುಳಿ ಬರಿಸಿದ ಕೋಸು, ಒಮ್ಮೆ ಬೀಟ್‌ರೂಟು,
ಡಾಕ್ಟರಿಗಲ್ಲ, ನನಗೆ.
ನಾನು ಬರೀ ಕಾಗದ ತುಂಬುವವನು.

ಕಾಗದ ಕೇಳುತ್ತದೆ: ಮೊದಲ ಭೇಟಿಯೋ, ಮರುಭೇಟಿಯೋ?
ಮರುಭೇಟಿ. ಏಳನೆಯದು.
ಸವಾರರೋ, ನಡೆಯುತ್ತಿದ್ದವರೋ?
ನಾನು ಗುರುತು ಹಾಕುವ ಮೊದಲೇ ಪ್ರತಿ ಸಲ ತಿದ್ದುತ್ತಾಳೆ:
"ನಡೀತಾ ಇರಲಿಲ್ಲ ಮಗೂ, ಬಗ್ಗಿದ್ದೆ."
ಬಗ್ಗಿದವರಿಗೆ ಈ ಕಾಗದದಲ್ಲಿ ಮನೆಯಿಲ್ಲ.
ವಾಹನ? ಸೇನೆಯದು.
ಜಾಗ? ಸಾರ್ವಜನಿಕ ರಸ್ತೆ ಅಲ್ಲ.

ಅಲ್ಲ ಎಂದು ಬರೆಯುವುದು ಸುಲಭ.
ಏನು ಎಂದು ಹೇಳಲು ಅವಳೇ ಬೇಕು:
ಝೈಮೆನಾ ಹೊಳೆ ದಾಟಿ, ಪೈನ್ ಮರಗಳ ಒಳಗೆ,
ಮರಳು ನೆಲದ ಮೇಲೆ ಬೂದು ಕಲ್ಲುಹೂವು
ಕಾಲಡಿ ಹಪ್ಪಳದಂತೆ ಮುರಿಯುವ ಕಡೆ;
ಹಳೆಯ ಕಂದಕವೊಂದು, ಯಾವ ಯುದ್ಧದ್ದೋ,
ಅದರ ತೆಂಕಣ ಅಂಚಿಗೆ ಮೂರು ಭೂರ್ಜ.
ಅಣಬೆ ಏಳುವ ಜಾಗವನ್ನು ಇಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ.
ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೂ ಹೇಳದೆ
ಅವಳ ಅತ್ತೆ ಕಣ್ಣು ಮುಚ್ಚುವ ಹೊತ್ತಿಗೆ
ಇವಳ ಕಿವಿಯಲ್ಲಿ ಊದಿದ್ದಳು.
ಐವತ್ತು ವರ್ಷ ಅದು ಅಲ್ಲೇ ಇತ್ತು.

ಈಗ ಅದರ ಅಕ್ಷಾಂಶ ರೇಖಾಂಶ ಬರೆದು
ಮೂರು ನಕಲು ಮಾಡಿ, ಮೊಹರು ಒತ್ತಿ
ಸೇನೆಯ ವಕೀಲರಿಗೆ, ವಿಮೆಯವರಿಗೆ, ಪೊಲೀಸರಿಗೆ
ಕಳಿಸಿದವನು ನಾನು.

"ಸೊಂಟ ಹೋಗಲಿ ಬಿಡು," ಅಂದಿದ್ದಳು ಆವತ್ತು,
ಮುಚ್ಚಳ ಬಿಗಿಯಾಗಿದ್ದ ಜಾಡಿಯನ್ನು ಇನ್ನೂ ಬಿಗಿ ಮಾಡುತ್ತ.

ಹೋದ ಸೆಪ್ಟೆಂಬರಿನದು. ಮೂರು ದಿನದ ಜಡಿಮಳೆ ಬಿಟ್ಟ ಬೆಳಗು.
ಎಂಟು ಗಾಲಿಯ ಬಂಡಿ, ಮೈಗೆಲ್ಲ ಸೊಪ್ಪು ಕಟ್ಟಿಕೊಂಡು
ಹಿಂದು ಹಿಂದಕ್ಕೆ ಸರಿಯುತ್ತಿತ್ತಂತೆ.
ಬೇಲಿ ಎದ್ದು ಹೊಲ ಮೇಯುವುದನ್ನು ಕೇಳಿದ್ದೇವೆ.
"ಪೊದೆ ಅಂದ್ಕೊಂಡೆ," ಅನ್ನುತ್ತಾಳೆ. "ಪೊದೆ ನನ್ನ ಕಡೆಗೇ ಬಂತು."

ಇಳಿದವನು ಪರದೇಶದ ಹುಡುಗ, ಇಪ್ಪತ್ತೋ ಇಪ್ಪತ್ತೊಂದೋ.
ಭಾಷೆ ಬಾರದು. ಆಂಬುಲೆನ್ಸಿಗೆ ಇನ್ನೂ ಅರ್ಧ ಗಂಟೆ.
ಏನು ಮಾಡಬೇಕೆಂದು ತೋಚದೆ ಮಂಡಿಯೂರಿ
ಚೆಲ್ಲಿದ ಅಣಬೆಗಳನ್ನೆಲ್ಲ ಒಂದೊಂದಾಗಿ ಆಯ್ದು
ಅವಳ ಬುಟ್ಟಿ ತುಂಬಿದನಂತೆ, ಅಳುತ್ತ,
ಪಕ್ಕದಲ್ಲಿ ಬೆಳೆದಿದ್ದ ವಿಷದ ಅಣಬೆಯನ್ನೂ ಕಿತ್ತು ಸೇರಿಸಿ.
ಇದನ್ನು ಹೇಳುವಾಗ ಮಾತ್ರ ಗೆನೊವೈತೆ ನಗುತ್ತಾಳೆ,
ನಕ್ಕರೆ ಸೊಂಟ ನೋಯುತ್ತದೆ, ಆದರೂ.

ವಕೀಲರ ಪತ್ರ ಮೊನ್ನೆ ಬಂತು. ಒಂದೇ ಪ್ರಶ್ನೆ:
ಗಾಯಾಳು ಧರಿಸಿದ್ದ ತಲೆವಸ್ತ್ರದ ಬಣ್ಣ ಯಾವುದು?
"ಕಂದು," ಅಂದಳು. ಸ್ವಲ್ಪ ಯೋಚಿಸಿ, "ಅಣಬೇದೇ ಬಣ್ಣ."
ಬರೆಯಲೋ ಬೇಡವೋ ಎಂದು ನಾನು ಪೆನ್ನು ಹಿಡಿದು ಕೂತೆ.

ಒಳಗೆ ಡಾಕ್ಟರ್ ರಿಮ್ವಿದಾಸ್ ಹಳದಿ ಗೆರೆಯ ಮೇಲೆ ನಡೆಸುತ್ತಾರೆ.
ಹೋಗಿ, ತಿರುಗಿ, ಬನ್ನಿ.
ಮೂರು ಮೆಟ್ಟಿಲ ಮರದ ಏಣಿ; ಹತ್ತಿದರೆ ಗೋಡೆ, ಬೇರೆಲ್ಲಿಗೂ ಹೋಗದು.
ಲೋಹದ ಕೀಲು ಚೆನ್ನಾಗಿ ಕೂತಿದೆ, ಅನ್ನುತ್ತಾರೆ,
ನಡೆಯಿರಿ, ಎಷ್ಟು ಬೇಕಾದರೂ ನಡೆಯಿರಿ,
ಬಗ್ಗುವುದೊಂದು ಬಿಟ್ಟು.
ಬಿದ್ದದ್ದನ್ನು ಎತ್ತಲು ಉದ್ದ ಹಿಡಿಯ ಇಕ್ಕಳ ಕೊಟ್ಟಿದ್ದಾರೆ.
ಅದರಲ್ಲಿ ಅವಳು ಬೆಕ್ಕಿನ ತಟ್ಟೆ ಎತ್ತುತ್ತಾಳಂತೆ.
ಅಣಬೆ ಹಿಡಿದರೆ ಜಜ್ಜಿಹೋಗುತ್ತದೆ.

ಮುಂದಿನ ತಾರೀಖು ಸೆಪ್ಟೆಂಬರ್ ಹದಿನಾಲ್ಕು, ಎಂದೆ.
ಪುಟ್ಟ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು
ತಾನು ಬೇಡ ಎಂದು ತಲೆಯಾಡಿಸಿದಳು.
"ಆವತ್ತು ನೀನು ಬರ್ತೀಯ," ಅಂದಳು,
"ಹೇಗೂ ಮೂರು ನಕಲು ಆಗಿದೆ, ಇದು ನಾಲ್ಕನೇದು.
ನಾನು ಕೋಲಲ್ಲಿ ತೋರಿಸ್ತೀನಿ, ನೀನು ಬಗ್ಗು.
ಚಾಕು ನಂದೇ ಇದೆ. ಬೆಳಗ್ಗೆ ಐದಕ್ಕೆ ಹೊಳೆಯ ಹತ್ತಿರ."

ಬಾಗಿಲ ತನಕ ಹೋಗಿ, ಹೋಗಿ, ತಿರುಗಿ
(ಡಾಕ್ಟರು ಕಲಿಸಿದ ಹಾಗೇ, ಒಳ್ಳೆ ಕಾಲಿನ ಮೇಲೆ)
"ಕೆಂಪು ಅಂಗಿ ಹಾಕ್ಕೊಂಡು ಬಾ," ಅಂದಳು.