ಅಳೆದೂ ಸುರಿದೂ

ಸೋಮವಾರ ಏಳಕ್ಕೆ ಮೊದಲು ಯಂತ್ರದೊಳಗೆ ಮಲಗುವುದು
ಮಂಡಿಯಲ್ಲ, ಸೀಸೆ.
ಐದು ಪುಟ್ಟ ಸೀಸೆ, ಒಳಗೆ ಹೆಪ್ಪುಗಟ್ಟಿದ ಅಗರು,
ನಾನೇ ಕಾಯಿಸಿ ಹುಯ್ದದ್ದು, ಮೂರು ಚಳಿಗಾಲದ ಹಿಂದೆ.
ಅವಕ್ಕೆ ನೋವಿಲ್ಲ, ವಯಸ್ಸಿಲ್ಲ,
ನಿನ್ನೆ ಮೆಟ್ಟಿಲು ಹತ್ತಿದ ನೆನಪಿಲ್ಲ.
ಆದರೂ ಯಂತ್ರ ಒಂದು ವಾರ ನಲವತ್ತೊಂದು ಅನ್ನುತ್ತದೆ,
ಮರುವಾರ ನಲವತ್ತೆರಡೂಕಾಲು.
ಕೋಣೆಯ ಬಿಸಿ ಒಂದು ಡಿಗ್ರಿ ಹೆಚ್ಚಿತ್ತೆಂದು ಬರೆದಿಡುತ್ತೇನೆ.
ಸುಳ್ಳಲ್ಲ.
ಪೂರ್ತಿ ನಿಜವೂ ಅಲ್ಲ.

ಎಂಟಕ್ಕೆ ದಾಂಗುವೊಲೆ ಬರುತ್ತಾರೆ. ಅರವತ್ತಮೂರು.
ಒಂದು ಕಾಲಕ್ಕೆ ಕೌನಸ್ ಹ್ಯಾಂಡ್‌ಬಾಲ್ ತಂಡದ ಎಡಗೈ.
ಕೋಟಿನ ಭುಜದಲ್ಲಿ ಹಿಮ, ಚೀಲದಲ್ಲಿ ರೈ ರೊಟ್ಟಿ.
"ಟ್ರಾಲಿಬಸ್ಸಿನ ಹಿಂದೆ ಓಡಬೇಡಿ ಅಂದಿದ್ರಿ. ಓಡಲಿಲ್ಲ.
ಬಸ್ಸು ತಪ್ಪಿತು. ನಡೆಯಬೇಡಿ ಅಂತ ಮಾತ್ರ ಹೇಳಿರಲಿಲ್ಲ."
ಅರ್ಧ ಗಂಟೆ ಕುರ್ಚಿಯಲ್ಲಿ ಕಾಲು ಚಾಚಿ ಕೂರಿಸುತ್ತೇನೆ:
ನಡೆದರೆ ಮೃದ್ವಸ್ಥಿ ನೀರು ಹಿಂಡಿಕೊಳ್ಳುತ್ತದೆ,
ಕೂತರೆ ಮೆಲ್ಲಗೆ ಮತ್ತೆ ಹೀರುತ್ತದೆ.
ಬೆಳಗಿನ ಮಂಡಿ ಸಂಜೆಯ ಮಂಡಿಯಲ್ಲ ಎಂಬುದು
ನನಗೆ ಪುಸ್ತಕದಿಂದ ಗೊತ್ತು, ಅವರಿಗೆ ನಾಲ್ಕನೇ ಮಹಡಿಯಿಂದ.

ಮಲಗಿ. ಏಳಿ. ಕಿಟಕಿಯ ತನಕ ಹೋಗಿ ಬನ್ನಿ. ಮತ್ತೆ ಮಲಗಿ.
ಅದೇ ಕಾಲು, ಅದೇ ದಿಂಬು, ಅದೇ ಕಟಕಟ ಸದ್ದು.
"ಒಂದೇ ಮಂಡಿಯನ್ನು ಮೂರು ಸಲ ಯಾಕೆ?
ಮೊದಲನೆಯದನ್ನು ನಂಬಲಿಲ್ಲವೆ?"
ನಂಬುವುದಕ್ಕೇ ಮೂರು ಸಲ, ಎಂದೆ.
ನನ್ನ ಗಂಡನೂ ಹಾಗೇ ಅನ್ನುತ್ತಿದ್ದ, ಎಂದರು,
ಬೀಗ ಹಾಕಿದ ಬಾಗಿಲನ್ನು ಎಳೆದೆಳೆದು ನೋಡುತ್ತ.

ಮಧ್ಯಾಹ್ನ ಗೆರೆ ಎಳೆಯುವ ಕೆಲಸ.
ಪಕ್ಕದ ಕೋಣೆಯಲ್ಲಿ ವಿತೆನಿಸ್ ಅದೇ ಚಿತ್ರಕ್ಕೆ ಎಳೆಯುತ್ತಾನೆ.
ಒಬ್ಬರದು ಒಬ್ಬರು ನೋಡುವಂತಿಲ್ಲ.
ಎಲುಬು ಕಪ್ಪು, ಕೀಲಿನ ನೀರು ಬಿಳಿ,
ನಡುವಿನ ಬೂದು ಎಲ್ಲಿ ಮುಗಿಯುತ್ತದೆ?
ಅವನು ಧಾರಾಳಿ, ಒಂದು ಚುಕ್ಕಿ ಆಚೆಗೆ ಹೋಗುತ್ತಾನೆ.
ನಾನು ಜಿಪುಣಿ.

ನನ್ನಜ್ಜಿ ಅಗಸೆನಾರಿನ ಬಟ್ಟೆಯನ್ನು ಮೊಳ ಹಾಕಿ ಅಳೆಯುತ್ತಿದ್ದಳು.
ಕೊಳ್ಳುವ ದಿನ ಉದ್ದ ತೋಳಿನ ತಮ್ಮನನ್ನು ಕರೆದೊಯ್ಯುತ್ತಿದ್ದಳು,
ಮಾರುವ ದಿನ ತಾನೇ ಹೋಗುತ್ತಿದ್ದಳು.
ಅವಳಿಗೆ ಅಳತೆಯ ದೋಷ ಏನೆಂದು ಗೊತ್ತಿತ್ತು,
ಅದಕ್ಕೊಂದು ಬೆಲೆಯಿದೆ ಎಂದೂ.

ಮೂರು ವಾರ ಬಿಟ್ಟು ಯಾರೋ ಅದೇ ಚಿತ್ರಗಳನ್ನು
ಹೆಸರಳಿಸಿ, ಕಲಸಿ ನನಗೇ ಕೊಟ್ಟರು. ಎಳೆದೆ.
ಹಳೆಯ ಗೆರೆಯ ಮೇಲೆ ಹೊಸದನ್ನಿಟ್ಟು ನೋಡಿದರೆ
ತೊಡೆಯೆಲುಬಿನ ತಿರುವಿನಲ್ಲಿ ಇಬ್ಬರು ಹೆಂಗಸರು.
ವಿತೆನಿಸನ ಜೊತೆ ಜಗಳವಾಡಬಹುದಿತ್ತು.
ಇವಳ ಜೊತೆ?

ಆರು ತಿಂಗಳ ವ್ಯಾಯಾಮ ಮುಗಿಯಿತು. ವಾರಕ್ಕೆ ಮೂರು ದಿನ,
ಒಂದು ದಿನವೂ ತಪ್ಪಿಸಿಲ್ಲ. ದಾಂಗುವೊಲೆ ಕೇಳಿದರು:
"ಸುಧಾರಿಸಿದೆಯೆ?"
ಸಂಖ್ಯೆ ಒಂದೂವರೆ ಮಿಲಿಸೆಕೆಂಡು ಇಳಿದಿತ್ತು.
ಇಳಿದರೆ ಒಳ್ಳೆಯದೇ.
ಆದರೆ ಎರಡೂಮುಕ್ಕಾಲಿಗಿಂತ ಕಡಿಮೆ ಇಳಿದರೆ
ಇಳಿದದ್ದು ಮಂಡಿಯೋ, ಯಂತ್ರವೋ, ನನ್ನ ಕೈಯೋ
ಹೇಳಲು ಬರುವುದಿಲ್ಲ.
ಹಾಗೆಂದು ಹೇಳಿದೆ. ಅಳೆದೂ ಸುರಿದೂ ಹೇಳಿದೆ.
ಅವರು ರೊಟ್ಟಿಯ ಚೀಲವನ್ನು ಮಡಿಲಲ್ಲಿ ತಿರುಗಿಸಿದರು.
"ಅಂದರೆ ನಿಮಗೆ ಗೊತ್ತಿಲ್ಲ."
ಎಷ್ಟು ಗೊತ್ತಿಲ್ಲ ಎಂಬುದು ಗೊತ್ತು, ಎಂದೆ.
ಬಾಯಿಂದ ಹೊರಟ ಮೇಲೆ ನಾಚಿಕೆಯಾಯಿತು.

ಹೊರಗೆ ಓಣಿಯಲ್ಲಿ ಒಂಟಿಕಾಲಲ್ಲಿ ನಿಂತು
ಬೂಟು ಏರಿಸಿಕೊಂಡರು, ಗೋಡೆ ಹಿಡಿಯದೆ.
ಡಿಸೆಂಬರಿನಲ್ಲಿ ಬೆಂಚು ಬೇಕಿತ್ತು ಇದಕ್ಕೆ!
ನೋಡಿದೆಯಾ, ಎಂದೆ ವಿತೆನಿಸನಿಗೆ.
"ಭುಜ ತಾಗಿತ್ತು," ಎಂದ.
ತಾಗಿರಲಿಲ್ಲ.
"ತಾಗಿತ್ತು, ಒಂದು ಕ್ಷಣ."

ಇನ್ನೊಮ್ಮೆ ಹಾಕಿ ತೋರಿಸಿ ಎನ್ನಲು ಬಾಗಿಲ ತನಕ ಹೋದೆ.
ಅತ್ತ ಹನ್ನೊಂದನೇ ನಂಬರಿನ ಟ್ರಾಲಿಬಸ್ಸು ಹೊರಟಿತ್ತು,
ಚೀಲ ಎದೆಗೊತ್ತಿಕೊಂಡು
ದಾಂಗುವೊಲೆ ಅದರ ಹಿಂದೆ ಓಡುತ್ತಿದ್ದರು.