ಹದಿನಾರಾಣೆ

ಮೊದಲ ಪತ್ರಕ್ಕೆ ಸಂಪಾದಕ ಇಂದುಧರ ಅವರ ಉತ್ತರ ಎರಡೇ ಸಾಲು:
'ಪ್ರೋಗ್ರಾಮಿಂಗ್ ಭಾಷೆಗಳ ಸಮಗ್ರ ಪರಿಚಯ' ಬೇಡ.
ನಮ್ಮದು ನಲವತ್ತೆಂಟು ಪುಟದ ಮಾಸಪತ್ರಿಕೆ, ಸಮುದ್ರವಲ್ಲ.

ಎರಡನೆಯದಕ್ಕೆ ಒಂದೇ ಸಾಲು:
ಇದನ್ನು ನೀವೇ ಯಾಕೆ ಬರೆಯಬೇಕು?

ಆ ಪ್ರಶ್ನೆ ಹೊತ್ತುಕೊಂಡು ಒಂದು ವಾರ ಓಡಾಡಿದೆ.
ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಾಗ
ಸ್ಕೂಟಿ ಆಫ್ ಮಾಡಿ, ಗೂಡ್ಸಿನ ಡಬ್ಬಿ ಎಣಿಸುತ್ತ
ನಾನೇ ಯಾಕೆ, ನಾನೇ ಯಾಕೆ.
ಐವತ್ತೆಂಟು ಡಬ್ಬಿ ದಾಟಿ ಹೋದವು. ಉತ್ತರವಿಲ್ಲ.

ನಾನು ಮಂಡಕ್ಕಿ ಭಟ್ಟಿಯ ಲೆಕ್ಕದವಳು.
ಕೀಬೋರ್ಡಿನ ಸಂದಿಯಲ್ಲಿ ಹೊಟ್ಟು,
ಸಂಜೆ ಮಾನಿಟರ್ ಒರೆಸಿದ ಬಟ್ಟೆಯ ತುಂಬ ಮಸಿ.
ಜಮೆ-ಖರ್ಚಿಗೆಂದು ನಾನೇ ಬರೆದ ಪ್ರೋಗ್ರಾಮು
ಒಂದು ಶುಕ್ರವಾರ ಹಟ ಹಿಡಿಯಿತು:
ಎರಡೂ ಕಡೆ ಅದೇ ಮೊತ್ತ,
ಆದರೂ ಕೆಂಪಗೆ, 'ತಾಳೆಯಿಲ್ಲ'.

ರಾತ್ರಿ ಒಂಬತ್ತರವರೆಗೆ ಅಗೆದೆ.
ಹತ್ತು ಪೈಸೆಗೆ ಇಪ್ಪತ್ತು ಪೈಸೆ ಕೂಡಿದರೆ
ಮೂವತ್ತು, ಅದರ ಮೇಲೆ
ಕೂದಲೆಳೆಯ ತುದಿಯಷ್ಟು ಏನೋ ಒಂದು.
ಎರಡರಲ್ಲೇ ಎಣಿಸುವ ಯಂತ್ರಕ್ಕೆ
ಹತ್ತರ ಒಂದು ಪಾಲು ಎಷ್ಟು ಬರೆದರೂ ಮುಗಿಯುವುದಿಲ್ಲ.

ಖಾಜಾಪೀರ್ ಸಾಹೇಬರು ಚಹಾ ತಂದಿಟ್ಟು, ಕೇಳಿ, ನಕ್ಕರು.
"ನಮ್ಮಜ್ಜ ಆಣೆ ಲೆಕ್ಕ ಮಾಡ್ತಿದ್ರು ಕಣಮ್ಮ.
ಅರ್ಧ, ಕಾಲು, ಅರೆಕಾಲು, ವೀಸ.
ಒಂದಿನಾನೂ ಕೆಂಪು ಬರ್ಲಿಲ್ಲ."

ಬಿಲ್ಲಿನ ಬೆನ್ನ ಮೇಲೆ ಬರೆದು ನೋಡಿದೆ.
ಅರ್ಧ, ಅದರರ್ಧ, ಅದರದೂ ಅರ್ಧ, ಇನ್ನೊಂದರ್ಧ.
ನಾಲ್ಕೇ ಅಂಕಿಗೆ ಆಣೆ ಮುಗಿದುಹೋಯಿತು!
ಅಜ್ಜನ ಹದಿನಾರಾಣೆ
ಯಂತ್ರಕ್ಕೂ ಹದಿನಾರಾಣೆ.
ಚಹಾ ಆರಿಹೋಗಿತ್ತು. ಕುಡಿದೆ.

ಮೂರನೇ ಪತ್ರ ಗೇಟಿನಲ್ಲೇ ಬರೆದೆ, ಮೊಬೈಲಿನಲ್ಲಿ, ಬಿಸಿಲಲ್ಲಿ.
ಮರುದಿನ ಉತ್ತರ: ಸಾವಿರದ ಇನ್ನೂರು ಪದ, ಹದಿನೈದರೊಳಗೆ.
ಗೌರವಧನ ಆರುನೂರು.
ಪೀಠಿಕೆ ಬೇಡ, ಚಹಾದಿಂದ ಶುರು ಮಾಡಿ.

ಬರೆಯುವುದು ಬೇರೆಯೇ ಪಾಡು.
ವೇರಿಯೇಬಲ್ಲಿಗೆ 'ಚರಾಂಶ' ಎಂದು ಬರೆದು ಹೊಡೆದುಹಾಕಿದೆ.
ಸಾಹೇಬರಿಗೆ ಓದಿ ಹೇಳುವಾಗ ಬಾಯಿಗೆ ಬಂದದ್ದು 'ಡಬ್ಬಿ'.
ಅದೇ ಉಳಿಯಿತು.
ಒಂಬೈನೂರನೇ ಪದದ ಹತ್ತಿರ ಗೊತ್ತಾಯಿತು,
ನನಗೆ ಗೊತ್ತಿದೆ ಅಂದುಕೊಂಡದ್ದರಲ್ಲಿ
ಅರೆಪಾಲು ಬರೀ ರೂಢಿ.

ಅಚ್ಚಾಗಿ ಬಂತು. ಹೆಸರು ಸರಿಯಾಗಿತ್ತು:
ಎಚ್. ಬಿ. ನೀಲಗಂಗಾ, ದಾವಣಗೆರೆ.
ಕೋಡು ಸರಿಯಿರಲಿಲ್ಲ.
ಪುಟ ಕಟ್ಟಿದವರು ಯಾರೋ, ಚೆಂದ ಕಾಣಲೆಂದು,
ನೆಟ್ಟಗಿನ ಉದ್ಧರಣ ಚಿಹ್ನೆಗಳನ್ನೆಲ್ಲ
ಹುರಿಮೀಸೆಯಂತೆ ತಿರುವಿಟ್ಟಿದ್ದರು.
ಇದ್ದಂತೆ ಟೈಪು ಮಾಡಿದರೆ ಪ್ರೋಗ್ರಾಮು ಓಡದು.

ಅಳಲಿಲ್ಲ. ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದು
ಮಂಡಕ್ಕಿಯ ಜೊತೆ ಒಬ್ಬಳೇ ತಿಂದೆ, ಅಷ್ಟನ್ನೂ.

ಮುಂದಿನ ತಿಂಗಳು, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ
ತಿದ್ದುಪಡಿ ಬಂದ ವಾರವೇ ಒಂದು ಕಾರ್ಡು.
ಪಾಲಯ್ಯ, ದ್ವಿತೀಯ ಪಿಯುಸಿ, ನಾಯಕನಹಟ್ಟಿ:
ಚಿಹ್ನೆ ನೆಟ್ಟಗೆ ಮಾಡಿಕೊಂಡೆ ಮೇಡಂ, ಓಡಿತು.
ಆದರೆ ಆಣೆಗೆ ಹನ್ನೆರಡು ಪೈ ಇತ್ತಂತೆ, ತಾತ ಹೇಳ್ತಾನೆ.
ಹನ್ನೆರಡರ ಒಂದು ಪಾಲು
ನಿಮ್ಮ ಯಂತ್ರದಲ್ಲಿ ಮುಗಿಯುತ್ತಾ?

ಮುಗಿಯುವುದಿಲ್ಲ ಪಾಲಯ್ಯ.
ನಾನು ಪೈ ಮರೆತಿದ್ದೆ.

"ಅಜ್ಜ ಪೈ ಬಂದಾಗ ಏನು ಮಾಡ್ತಿದ್ರು?"
ಸಾಹೇಬರನ್ನು ಕೇಳಿದೆ.
"ಬಿಟ್ಟುಬಿಡ್ತಿದ್ರು."
"ಯಾರ ಲೆಕ್ಕದಿಂದ?"
ಅವರು ಚೀಲ ಹೊಲಿಯುತ್ತಿದ್ದವರ ಕಡೆ ನೋಡಿದರು,
ಆಮೇಲೆ ಭಟ್ಟಿಯ ಕಡೆ.
ಹಸಿ ಹೊಟ್ಟು ಹಾಕಿದ್ದಾರೆ, ಹೊಗೆ ನೋಡು, ಅಂದರು.

ಗೇಟು ಬಿದ್ದಿದೆ. ಮೊಬೈಲು ತೆಗೆದೆ.
ಇಂದುಧರ ಅವರಿಗೆ,
ಲೆಕ್ಕದಲ್ಲಿ ಬಿಟ್ಟ ಪೈ ಯಾರ ಜೇಬಿನಿಂದ ಹೋಗುತ್ತದೆ
ಎಂಬ ಬಗ್ಗೆ ಒಂದು ಲೇಖನ.
ಇದನ್ನು ನಾನೇ ಯಾಕೆ ಬರೆಯಬೇಕೆಂದರೆ